ಉಳಿಸಿ ಅಂತ ಹೇಳಿದ್ರೆ ಸಾಲಲ್ಲ: ನೀರು, ಕರೆಂಟು, ಕಚ್ಚಾವಸ್ತು ಉಳಿಸೋ ಪಾಲಿಸಿನ ಹೆಜ್ಜೆ ಹೆಜ್ಜೆಯಾಗಿ ಕಟ್ಟೋದು ಹೇಗೆ

ಒಂದು ಬಾಡಿಗೆ ಮನೆ ತಗೊಳ್ಳಿ. ನೀರು ಕಾಯಿಸೋಕೆ ಯಾವ ಗೀಸರ್ ಹಾಕ್ಬೇಕು ಅಂತ ತೀರ್ಮಾನ ಮಾಡೋರು ಮನೆ ಓನರು, ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟೋರು ಬಾಡಿಗೆಗೆ ಇರೋರು. ಓನರು ಅಗ್ಗದ್ದು ತಂದು ಹಾಕ್ತಾರೆ, ಅದು ಜಾಸ್ತಿ ಕರೆಂಟ್ ಎಳೆಯತ್ತೆ, ಬಾಡಿಗೆಯವರು ಇವತ್ತಿರ್ತೀವಿ ನಾಳೆ ಹೋಗ್ತೀವಿ ನಮಗ್ಯಾಕೆ ಅಂತ ಸುಮ್ಮನಾಗ್ತಾರೆ. ಇಬ್ಬರಲ್ಲಿ ಯಾರೂ ಕೆಟ್ಟೋರಲ್ಲ, ಇಬ್ಬರೂ ಕರೆಂಟ್ ಉಳೀಬೇಕು ಅಂತ ಮನಸಾರೆ ಒಪ್ಪೋರೇ ಇರ್ಬಹುದು. ಆದ್ರೂ ಆ ಗೀಸರ್ ಹತ್ತು ವರ್ಷ ಹಂಗೇ ಉರೀತಾ ಇರತ್ತೆ, ಯಾಕಂದ್ರೆ ತೀರ್ಮಾನ ಒಬ್ಬರ ಕೈಲಿದೆ, ಖರ್ಚು ಇನ್ನೊಬ್ಬರ ತಲೆ ಮೇಲಿದೆ.

ಸಂಪನ್ಮೂಲ ಉಳಿಸೋ ಪಾಲಿಸಿ ಅಂತ ಏನೇ ಬಂದ್ರೂ ನಾನು ಮೊದಲು ಈ ಗೀಸರ್ ಪ್ರಶ್ನೆ ಕೇಳ್ಕೋತೀನಿ. ಯಾರು ತೀರ್ಮಾನ ಮಾಡ್ತಾರೋ ಅವರಿಗೆ ಲೆಕ್ಕ ಮುಟ್ತಾ ಇದೆಯಾ? ಮುಟ್ಟದೇ ಇದ್ರೆ ಪಾಲಿಸಿ ಎಷ್ಟು ಚೆನ್ನಾಗಿ ಬರೆದಿದ್ರೂ ಕೆಲಸ ಮಾಡಲ್ಲ. ಈ ಲೇಖನ ಅಂಥ ಪಾಲಿಸಿನ ಬರೆಯೋ ಜಾಗದಲ್ಲಿ ಇರೋರಿಗೆ, ಡ್ರಾಫ್ಟ್ ಓದಿ ಅಭಿಪ್ರಾಯ ಕಳಿಸೋರಿಗೆ, ಕಾರ್ಖಾನೆ ನಡೆಸ್ತಾ ಇದ್ದು ನಾಳೆ ಯಾವ ರೂಲ್ಸ್ ಬರತ್ತೋ ಅಂತ ಯೋಚನೆ ಮಾಡ್ತಿರೋರಿಗೆ, ಈ ವಿಷಯ ಓದ್ತಿರೋ ವಿದ್ಯಾರ್ಥಿಗಳಿಗೆ. ಎಲ್ಲ ಹೆಜ್ಜೆನೂ ಒಂದೇ ಉದ್ದ ಇಲ್ಲ, ಕಷ್ಟ ಎಲ್ಲಿದೆಯೋ ಅಲ್ಲಿ ಜಾಸ್ತಿ ಹೊತ್ತು ನಿಂತಿದೀನಿ.

ಹೆಜ್ಜೆ 1: ಮೊದಲು ಅಳೀರಿ

ಅಳತೆ ಇಲ್ದೆ ಉಳಿತಾಯ ಅನ್ನೋದು ಬರೀ ಮಾತು. ನೀರಿನ ಮೀಟರ್ ಇರೋ ಮನೆಯಲ್ಲಿ ಇದನ್ನ ಇವತ್ತು ರಾತ್ರಿನೇ ಮಾಡಿ ನೋಡಬಹುದು. ಮನೇಲಿರೋ ಎಲ್ಲ ನಲ್ಲಿ ಬಂದ್ ಮಾಡಿ, ಟ್ಯಾಂಕ್ ತುಂಬಿ ಫ್ಲೋಟ್ ವಾಲ್ವ್ ಮುಚ್ಚಿದೆಯಾ ನೋಡ್ಕೊಳ್ಳಿ, ಮೀಟರ್ ಗಾಜಿನೊಳಗೆ ಅಂಕಿಗಳ ಪಕ್ಕ ಸಾಮಾನ್ಯವಾಗಿ ಒಂದು ಪುಟ್ಟ ಚಕ್ರ ಇರತ್ತೆ, ನಕ್ಷತ್ರದ ಥರ ಇಲ್ಲಾ ತ್ರಿಕೋನದ ಥರ, ಅದು ಮೆಲ್ಲಗೆ ತಿರುಗ್ತಾ ಇದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ. ಆ ಚಕ್ರ ಕಾಣ್ದೇ ಇದ್ರೆ ಮಲಗೋ ಮುಂಚೆ ರೀಡಿಂಗ್ ಬರೆದಿಟ್ಟು ಬೆಳಿಗ್ಗೆ ಯಾರೂ ನೀರು ಮುಟ್ಟೋ ಮುಂಚೆ ಮತ್ತೆ ನೋಡಿ. ಸೆಕೆಂಡಿಗೆ ಒಂದು ಹನಿ ಬೀಳೋ ನಲ್ಲಿ ದಿನಕ್ಕೆ ಸುಮಾರು 4 ಲೀಟರ್ ಕಳಿಸಿಬಿಡತ್ತೆ, ಅದು ಕಣ್ಣಿಗೆ ಕಾಣೋ ಸೋರಿಕೆ, ಕಮೋಡಿನ ಸಿಸ್ಟರ್ನ್ ಒಳಗೆ ಸದ್ದಿಲ್ದೆ ಹೋಗೋದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರಬಹುದು.

ಕಾರ್ಖಾನೆಯಲ್ಲೂ ಇದೇ ಥರದ ಪರೀಕ್ಷೆ ಇದೆ. ಕಂಪ್ರೆಸ್ಡ್ ಏರ್, ಅಂದ್ರೆ ಒತ್ತಡದಲ್ಲಿ ತುಂಬಿಸಿದ ಗಾಳಿ ಬಳಸೋ ಜಾಗದಲ್ಲಿ, ರಾತ್ರಿ ಎಲ್ಲ ಮೆಷಿನ್ ನಿಂತ ಮೇಲೆ ಕಂಪ್ರೆಸರ್ ಒಂದನ್ನ ಮಾತ್ರ ಆನ್ ಇಟ್ಟು, ಅದು ಎಷ್ಟು ಹೊತ್ತು ಲೋಡಲ್ಲಿ (ಗಾಳಿ ತುಂಬಿಸ್ತಾ) ಓಡತ್ತೆ ಎಷ್ಟು ಹೊತ್ತು ಅನ್‌ಲೋಡ್ (ಗಾಳಿ ತುಂಬಿಸದೆ ಸುಮ್ಮನೆ) ಆಗಿರತ್ತೆ ಅಂತ ವಾಚ್ ಹಿಡಿದು ಬರ್ಕೊಳ್ಳಿ. ಯಾರೂ ಗಾಳಿ ಬಳಸ್ತಿಲ್ಲ, ಆದ್ರೂ ಹತ್ತು ನಿಮಿಷದಲ್ಲಿ ಮೂರು ನಿಮಿಷ ಲೋಡಲ್ಲಿ ಓಡಿದ್ರೆ ಕಂಪ್ರೆಸರ್ ಸಾಮರ್ಥ್ಯದ 30 ಪರ್ಸೆಂಟ್ ಗಾಳಿ ಪೈಪಿನ ಜಾಯಿಂಟುಗಳಲ್ಲಿ ಹೋಗ್ತಿದೆ. ಸರಿಯಾಗಿ ನೋಡ್ಕೊಳ್ಳದ ಪ್ಲಾಂಟುಗಳಲ್ಲಿ 20ರಿಂದ 30 ಪರ್ಸೆಂಟ್ ಹೀಗೆ ಹೋಗೋದು ಮಾಮೂಲಿ.

ಸರ್ಕಾರದ ಮಟ್ಟದಲ್ಲಿ ಇದೇ ಹೆಜ್ಜೆ ಅಂದ್ರೆ ಮೀಟರ್ ಹಾಕೋದು, ಮತ್ತೆ ನೀರು ಘಟಕದಿಂದ ಎಷ್ಟು ಹೊರಟಿತು ಮನೆಗಳಿಗೆ ಎಷ್ಟು ತಲುಪಿತು ಅನ್ನೋ ವ್ಯತ್ಯಾಸನ ಜನರ ಮುಂದೆ ಇಡೋದು. ದಾರಿಯಲ್ಲೇ ಪೈಪು ಒಡೆದು ಹೋಗೋ ನೀರಿನ ಬಗ್ಗೆ ಮಾತಾಡದೆ ಮನೆಯವರಿಗೆ ಮಾತ್ರ ಬಕೆಟ್ ಲೆಕ್ಕ ಹೇಳೋ ಪಾಲಿಸಿನ ಜನ ನಂಬಲ್ಲ, ನಂಬೋಕೂ ಬಾರದು. ಕೊಡೋ ಕಡೆಯ ಸೋರಿಕೆ ಲೆಕ್ಕ ಡ್ರಾಫ್ಟಲ್ಲಿ ಇದೆಯಾ ಅಂತ ಮೊದಲ ಪುಟದಲ್ಲೇ ಹುಡುಕಿ.

ಹೆಜ್ಜೆ 2: ಪ್ರತಿ ತೀರ್ಮಾನದ ಮುಂದೆ ಯಾರದ್ದು ಅಂತ ಬರೀರಿ

ಒಂದು ಬಿಳಿ ಹಾಳೆ ತಗೊಂಡು ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ: ತೀರ್ಮಾನ ಏನು, ಮಾಡೋರು ಯಾರು, ಖರ್ಚು ಹೊರೋರು ಯಾರು. ವಾಷಿಂಗ್ ಮೆಷಿನ್ ತಗೊಂಡ್ರೆ ಒಂದು ಲೋಡಿಗೆ ಎಷ್ಟು ನೀರು ಬೇಕು ಅನ್ನೋದು ಡಿಸೈನ್ ಮಾಡೋ ಕಂಪನಿ ತೀರ್ಮಾನ, ಯಾವ ಮಾಡೆಲ್ ಅನ್ನೋದು ಕೊಳ್ಳೋರ ತೀರ್ಮಾನ, ಅರ್ಧ ತುಂಬಿಸಿ ಓಡಿಸೋದಾ ಪೂರ್ತಿ ತುಂಬಿಸಿ ಓಡಿಸೋದಾ ಅನ್ನೋದು ದಿನಾ ಬಳಸೋರ ತೀರ್ಮಾನ, ಆರು ವರ್ಷಕ್ಕೆ ಬೋರ್ಡ್ ಹೋದಾಗ ರಿಪೇರಿ ಮಾಡ್ಸೋದಾ ಗುಜರಿಗೆ ಹಾಕೋದಾ ಅನ್ನೋದು ಸ್ಪೇರ್ ಪಾರ್ಟ್ ಸಿಗತ್ತಾ ಇಲ್ವಾ ಅನ್ನೋದರ ಮೇಲೆ, ಅಂದ್ರೆ ತಿರುಗಿ ಕಂಪನಿ ಕೈಲಿ. ಒಂದೇ ಯಂತ್ರ, ನಾಲ್ಕು ತೀರ್ಮಾನ, ನಾಲ್ಕಕ್ಕೂ ಬೇರೆ ಬೇರೆ ಔಷಧಿ ಬೇಕು. ನೀರಿನ ದರ ಏರಿಸಿದ್ರೆ ಮೂರನೇದು ಸ್ವಲ್ಪ ಬದಲಾಗತ್ತೆ, ನಾಲ್ಕನೇದು ಏನೂ ಆಗಲ್ಲ.

ಹೆಜ್ಜೆ 3: ಪೋಲು ಮಾಡೋಕೆ ಕೊಡ್ತಿರೋ ದುಡ್ಡನ್ನ ಹುಡುಕಿ

ಹೊಸ ತೆರಿಗೆ, ಹೊಸ ಯೋಜನೆ ಅಂತ ಹೋಗೋ ಮುಂಚೆ ಈಗಾಗ್ಲೇ ಸರ್ಕಾರದ ದುಡ್ಡು ಜಾಸ್ತಿ ಬಳಕೆಗೆ ಹೋಗ್ತಿದೆಯಾ ನೋಡಿ. ಇಂಧನ ಸಬ್ಸಿಡಿಯಲ್ಲಿ ತುಂಬಾ ಸಲ ಏನಾಗತ್ತೆ ಅಂದ್ರೆ, ಯಾರು ಜಾಸ್ತಿ ಸುಡ್ತಾರೋ ಅವರಿಗೇ ಜಾಸ್ತಿ ದುಡ್ಡು ಹೋಗತ್ತೆ, ಎರಡು ಕಾರು ಇರೋರಿಗೆ ಎರಡು ಪಾಲು, ಕಾರೇ ಇಲ್ದೋರಿಗೆ ಸೊನ್ನೆ. ಹಂಗಂತ ಒಂದೇ ರಾತ್ರಿಯಲ್ಲಿ ತೆಗೆದ್ರೆ ಬಡವರ ಹೊಟ್ಟೆಗೆ ಹೊಡೆತ. ಇರಾನ್ 2010ರ ಡಿಸೆಂಬರಲ್ಲಿ ಇಂಧನ ದರ ಏರಿಸೋ ಮುಂಚೆನೇ ಕುಟುಂಬಗಳ ಬ್ಯಾಂಕ್ ಖಾತೆಗೆ ದುಡ್ಡು ಹಾಕಿ, ದರ ಏರಿದ ದಿನ ಅದನ್ನ ತೆಗೀಬಹುದು ಅಂತ ಮಾಡ್ತು. ಕ್ರಮ ಸರಿಯಾಗಿತ್ತು, ಆದ್ರೆ ಆಮೇಲೆ ಹಣದುಬ್ಬರ ಏರ್ತಾ ಹೋಗಿ ಆ ದುಡ್ಡಿನ ಬೆಲೆ ಕರಗಿಹೋಯ್ತು. ಎರಡು ಪಾಠನೂ ಬರ್ಕೊಳ್ಳಿ: ಪರಿಹಾರ ಮುಂಚೆ ಬರಬೇಕು, ಮತ್ತೆ ಅದು ಬೆಲೆ ಏರಿಕೆ ಜೊತೆ ಏರ್ತಾ ಹೋಗಬೇಕು.

ಹೆಜ್ಜೆ 4: ಬೆಲೆ ಸರಿ ಮಾಡಿ, ಆದ್ರೆ ಸ್ಲ್ಯಾಬ್ ಯಾರ ಮೇಲೆ ಬೀಳತ್ತೆ ನೋಡಿ

ಹಾಳು ಮಾಡಿದವರ ಖರ್ಚು ಪಕ್ಕದವರ ಮೇಲೆ ಬೀಳ್ತಾ ಇದ್ರೆ ಅಷ್ಟು ತೆರಿಗೆ ಹಾಕಿ ಅವರ ಲೆಕ್ಕಕ್ಕೇ ಸೇರಿಸಿ ಅನ್ನೋ ಯೋಚನೆನ ಪಿಗೂ ಅನ್ನೋ ಅರ್ಥಶಾಸ್ತ್ರಜ್ಞ 1920ರಲ್ಲಿ ವಿವರಿಸಿದ್ದ. ಮಾಲಿನ್ಯ ಮಾಡಿದವರೇ ಕೊಡಬೇಕು ಅನ್ನೋ ತತ್ವನ ಒಇಸಿಡಿ ಅನ್ನೋ, ಬಹುಪಾಲು ಶ್ರೀಮಂತ ದೇಶಗಳ ಕೂಟ ಒಪ್ಪಿಕೊಂಡಿದ್ದು 1972ರಲ್ಲಿ, ಇಂಧನ ಸುಟ್ಟಾಗ ಗಾಳಿಗೆ ಸೇರೋ ಇಂಗಾಲಕ್ಕೆ ಅಂತಲೇ ತೆರಿಗೆ ಮೊದಲು ಬಂದಿದ್ದು ಫಿನ್‌ಲ್ಯಾಂಡಲ್ಲಿ, 1990ರಲ್ಲಿ.

ನೀರು, ಕರೆಂಟಿಗೆ ಮಾಮೂಲಿ ದಾರಿ ಸ್ಲ್ಯಾಬ್ ದರ, ಮೊದಲ ಇಷ್ಟು ಯೂನಿಟ್ ಅಗ್ಗ, ಆಮೇಲೆ ದುಬಾರಿ. ಕೇಳೋಕೆ ನ್ಯಾಯವಾಗಿದೆ. ಆದ್ರೆ ಇಲ್ಲೊಂದು ಗುಂಡಿ ಇದೆ, ತುಂಬಾ ಡ್ರಾಫ್ಟುಗಳು ಅದರಲ್ಲಿ ಬೀಳ್ತವೆ. ತಲೆಗೆ ದಿನಕ್ಕೆ 100 ಲೀಟರ್ ಅಂತ ಇಟ್ಕೊಂಡು ನಾಲ್ಕು ಜನರ ಮನೆಗೆ ತಿಂಗಳಿಗೆ 12,000 ಲೀಟರ್ ತನಕ ಅಗ್ಗದ ಸ್ಲ್ಯಾಬ್ ಅಂತ ಮಾಡ್ತೀರಾ ಅನ್ಕೊಳ್ಳಿ. ಒಂದು ದೊಡ್ಡ ಮನೇಲಿ ಇಬ್ಬರೇ ಇರ್ತಾರೆ, ಅವರು ಕೈತೋಟಕ್ಕೆ ನೀರು ಬಿಟ್ರೂ ಅಗ್ಗದ ಸ್ಲ್ಯಾಬಲ್ಲೇ ಉಳೀತಾರೆ. ಇನ್ನೊಂದು ಕಡೆ ಮೂರು ಬಡ ಕುಟುಂಬ ಒಂದೇ ಕನೆಕ್ಷನ್ ಹಂಚ್ಕೊಂಡಿರ್ತಾರೆ, ಹನ್ನೆರಡು ಜನ, 36,000 ಲೀಟರ್, ನೇರ ಮೇಲಿನ ಸ್ಲ್ಯಾಬ್. ತಲೆಗೆ ಕಡಿಮೆ ಬಳಸೋರು ಲೀಟರಿಗೆ ಜಾಸ್ತಿ ಕೊಡೋ ಹಾಗಾಯ್ತು. ಹಾಗಾಗಿ ಸ್ಲ್ಯಾಬ್ ಅಂತ ಕಂಡ ಕೂಡ್ಲೇ ಕೇಳಬೇಕಾದ ಪ್ರಶ್ನೆ, ಇದು ಕನೆಕ್ಷನ್ ಲೆಕ್ಕನಾ ತಲೆ ಲೆಕ್ಕನಾ, ಹಂಚಿಕೊಂಡ ಮೀಟರಿಗೆ ಏನು ವ್ಯವಸ್ಥೆ ಇದೆ, ಮನೆಯಲ್ಲಿ ಎಷ್ಟು ಜನ ಇದಾರೆ ಅಂತ ಬರೆದುಕೊಟ್ರೆ ಮಿತಿ ಏರತ್ತಾ?

ಸಣ್ಣ ಬೆಲೆನೂ ಸರಿಯಾದ ಜಾಗದಲ್ಲಿ ಕೂತ್ರೆ ದೊಡ್ಡ ಕೆಲಸ ಮಾಡತ್ತೆ. ಐರ್ಲೆಂಡಲ್ಲಿ 2002ರ ಮಾರ್ಚಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗಿಗೆ 15 ಸೆಂಟ್ ಶುಲ್ಕ ಬಂತು, ಬಳಕೆ 90 ಪರ್ಸೆಂಟಿಗಿಂತ ಜಾಸ್ತಿ ಬಿತ್ತು. ಗಮನಿಸಬೇಕಾದ್ದು ಏನಂದ್ರೆ ಆ ಶುಲ್ಕನ ಅಂಗಡಿಯವರು ಗ್ರಾಹಕರಿಂದಲೇ ವಸೂಲಿ ಮಾಡಬೇಕಿತ್ತು, ಸಾಮಾನಿನ ಬೆಲೆಯಲ್ಲಿ ಮುಚ್ಚಿಡೋ ಹಾಗಿರಲಿಲ್ಲ. ಕೌಂಟರ್ ಮುಂದೆ ನಿಂತು ಬ್ಯಾಗ್ ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋ ಆ ಗಳಿಗೆಯಲ್ಲೇ ಬೆಲೆ ಕಣ್ಣಿಗೆ ಬೀಳತ್ತೆ. ಮೂರು ತಿಂಗಳಿಗೊಮ್ಮೆ ಬರೋ ನೀರಿನ ಬಿಲ್ಲಿಗೆ ಆ ಶಕ್ತಿ ಇಲ್ಲ, ಅಷ್ಟೊತ್ತಿಗೆ ಯಾವತ್ತು ಯಾಕೆ ಜಾಸ್ತಿ ಬಳಸಿದ್ವಿ ಅನ್ನೋದೇ ಮರೆತಿರತ್ತೆ.

ಬಂದ ದುಡ್ಡು ಎಲ್ಲಿ ಹೋಗತ್ತೆ ಅನ್ನೋದನ್ನೂ ಪಾಲಿಸಿಯಲ್ಲೇ ಬರೀಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾ 2008ರಲ್ಲಿ ಇಂಗಾಲ ತೆರಿಗೆ ತಂದಾಗ ಬಂದಷ್ಟನ್ನೂ ಬೇರೆ ತೆರಿಗೆ ಇಳಿಸಿ, ಕಡಿಮೆ ಆದಾಯದವರಿಗೆ ಕ್ರೆಡಿಟ್ ಕೊಟ್ಟು ಜನರಿಗೇ ವಾಪಸ್ ಕೊಡೋ ಹಾಗೆ ಕಾನೂನು ಮಾಡ್ತು. ಫ್ರಾನ್ಸಲ್ಲಿ 2018ರಲ್ಲಿ ಇಂಧನ ತೆರಿಗೆ ಏರಿಕೆ ವಿರುದ್ಧ ಹಳದಿ ಜಾಕೆಟ್ ಹಾಕ್ಕೊಂಡು ಜನ ರಸ್ತೆಗಿಳಿದ್ರು, ಬಸ್ಸು ರೈಲು ಸರಿಯಾಗಿಲ್ಲದ ಊರುಗಳಲ್ಲಿ ಇದ್ದು ದಿನಾ ಗಾಡಿ ಓಡಿಸಿಕೊಂಡೇ ಕೆಲಸಕ್ಕೆ ಹೋಗಬೇಕಾದೋರು ಅವರಲ್ಲಿ ಬಹಳ ಜನ, 2019ಕ್ಕೆ ಅಂತ ಇಟ್ಕೊಂಡಿದ್ದ ಏರಿಕೆನ ಸರ್ಕಾರ ಕೈಬಿಡಬೇಕಾಯ್ತು. ಬೇರೆ ದಾರಿ ಇಲ್ದೋರಿಗೆ ಬೆಲೆ ಏರಿಸಿದ್ರೆ ಅದು ಶಿಕ್ಷೆ ಆಗತ್ತೆ, ಬಳಕೆ ಕಡಿಮೆ ಮಾಡೋ ಶಕ್ತಿ ಅದಕ್ಕೆ ಬರಲ್ಲ.

ಹೆಜ್ಜೆ 5: ಕೊಳ್ಳೋರ ಕಣ್ಣಿಗೆ ಕಾಣೋ ಹಾಗೆ ಮಾಡಿ, ಕೆಟ್ಟ ಮಾಲನ್ನ ಅಂಗಡಿಗೆ ಬರದ ಹಾಗೆ ಮಾಡಿ

ಲೇಬಲ್ ಮತ್ತೆ ಕನಿಷ್ಠ ಗುಣಮಟ್ಟ, ಇವೆರಡು ಜೊತೆಗೇ ಇರಬೇಕು. ಫ್ರಿಜ್ ಮೇಲಿನ ಲೇಬಲ್ಲಲ್ಲಿ ನಕ್ಷತ್ರ, ಬಣ್ಣ, ಅಕ್ಷರ ಏನೇ ಇರ್ಲಿ, ನೀವು ನೋಡಬೇಕಾದ್ದು ವರ್ಷಕ್ಕೆ ಎಷ್ಟು ಯೂನಿಟ್ ಅನ್ನೋ ಅಂಕಿ. ದೊಡ್ಡ ಫ್ರಿಜ್ ಒಳ್ಳೆ ರೇಟಿಂಗ್ ತಗೊಂಡಿದ್ರೂ ಸಣ್ಣ ಫ್ರಿಜ್ಜಿಗಿಂತ ಜಾಸ್ತಿ ಕರೆಂಟ್ ಎಳೀಬಹುದು, ಯಾಕಂದ್ರೆ ರೇಟಿಂಗ್ ಅದರ ಸೈಜಿನವುಗಳ ಜೊತೆ ಹೋಲಿಸಿ ಕೊಟ್ಟಿದ್ದು.

ಲೇಬಲ್ಲಿಗೆ ವಯಸ್ಸಾಗತ್ತೆ. ಯುರೋಪಲ್ಲಿ ಎಯಿಂದ ಜಿ ತನಕ ಅಂತ ಇದ್ದ ಲೇಬಲ್ಲಲ್ಲಿ ಯಂತ್ರಗಳು ಸುಧಾರಿಸಿದ ಹಾಗೆ ಎ ಪ್ಲಸ್, ಎ ಪ್ಲಸ್ ಪ್ಲಸ್, ಮೂರು ಪ್ಲಸ್ ಅಂತ ಸೇರಿಸ್ತಾ ಹೋಗಿ, ಕೊನೆಗೆ ಅಂಗಡಿಯಲ್ಲಿ ಇರೋದೆಲ್ಲ ಎ ಬಳಗದ್ದೇ ಆಗಿ ಕೊಳ್ಳೋರಿಗೆ ವ್ಯತ್ಯಾಸನೇ ತಿಳೀದ ಹಾಗಾಯ್ತು. 2021ರ ಮಾರ್ಚಿಂದ ಪ್ಲಸ್ಸುಗಳನ್ನೆಲ್ಲ ತೆಗೆದು ಮತ್ತೆ ಎಯಿಂದ ಜಿಗೆ ವಾಪಸ್ ಬಂದ್ರು, ಮುಂದೆ ಬರೋ ಯಂತ್ರಗಳಿಗೆ ಜಾಗ ಇರ್ಲಿ ಅಂತ ಮೇಲಿನ ಮೆಟ್ಟಿಲನ್ನ ಹೆಚ್ಚುಕಮ್ಮಿ ಖಾಲಿ ಬಿಟ್ರು. ಜಪಾನ್ ಇನ್ನೊಂದು ದಾರಿ ಹಿಡೀತು, ನನಗೆ ತುಂಬಾ ಇಷ್ಟ ಆದ ದಾರಿ ಅದು. 1998ರಲ್ಲಿ ಕಾನೂನು ತಿದ್ದಿ ಟಾಪ್ ರನ್ನರ್ ಅಂತ ಶುರು ಮಾಡಿದ್ರು: ಇವತ್ತು ಮಾರುಕಟ್ಟೆಯಲ್ಲಿ ಇರೋದ್ರಲ್ಲಿ ಅತ್ಯುತ್ತಮ ಯಂತ್ರನ ಆಧಾರವಾಗಿಟ್ಟುಕೊಂಡು ಗುರಿ ಹಾಕಿ, ಇಂಥ ವರ್ಷದ ಹೊತ್ತಿಗೆ ಪ್ರತಿ ಕಂಪನಿ ಮಾರೋ ಮಾಲಿನ ಸರಾಸರಿ ಅಲ್ಲಿಗೆ ಮುಟ್ಟಬೇಕು ಅನ್ನೋದು. ಆಗಲ್ಲ ಅಂತ ವಾದ ಮಾಡೋಕೆ ಜಾಗನೇ ಇಲ್ಲ, ಯಾರೋ ಒಬ್ಬರು ಆಗ್ಲೇ ಮಾಡಿ ಮಾರ್ತಾ ಇದಾರೆ.

ಮೊದಲು ಹೇಳಿದ ಗೀಸರಿಗೆ ಇದೇ ಔಷಧಿ. ಓನರು ಬಿಲ್ ಕಟ್ಟಲ್ಲ, ಬೆಲೆ ಅವರಿಗೆ ಮುಟ್ಟಲ್ಲ, ಹಾಗಾಗಿ ಕೆಟ್ಟ ಗೀಸರ್ ಅಂಗಡಿಯಲ್ಲೇ ಸಿಗದ ಹಾಗೆ ಮಾಡೋದೇ ಸರಿ.

ಹೆಜ್ಜೆ 6: ತಯಾರಕರ ಲೆಕ್ಕನ ಫ್ಯಾಕ್ಟರಿ ಗೇಟಲ್ಲಿ ಮುಗಿಯೋಕೆ ಬಿಡಬೇಡಿ

ಮಾರಿದ ಮೇಲೆ ಕಸ ಊರಿನವರದ್ದು ಅನ್ನೋ ಪದ್ಧತಿಯಲ್ಲಿ ಪ್ಯಾಕಿಂಗ್ ಕಡಿಮೆ ಮಾಡೋಕೆ ಕಂಪನಿಗೆ ಕಾರಣನೇ ಇಲ್ಲ. ಮಾರಿದ ಮೇಲೂ ಕಸದ ಹೊಣೆ ತಯಾರಕರದ್ದೇ ಅನ್ನೋ ಯೋಚನೆ, ತಯಾರಕರ ವಿಸ್ತರಿತ ಹೊಣೆಗಾರಿಕೆ ಅನ್ನೋ ಹೆಸರಲ್ಲಿ ರೂಪ ತಗೊಂಡಿದ್ದು ಸ್ವೀಡನ್ನಲ್ಲಿ, 1990ರಲ್ಲಿ, ಥಾಮಸ್ ಲಿಂಡ್‌ಕ್ವಿಸ್ಟ್ ಅನ್ನೋ ಸಂಶೋಧಕರ ಕೈಯಲ್ಲಿ. ಮರುವರ್ಷವೇ ಜರ್ಮನಿ ಪ್ಯಾಕಿಂಗ್ ಬಗ್ಗೆ ಅಂಥ ನಿಯಮ ತಂತು. ಆದ್ರೆ ಹೊಣೆ ಅಂತ ಬರೆದ್ರೆ ಆಗಲ್ಲ, ದರದಲ್ಲಿ ಇಳಿಜಾರು ಇರಬೇಕು. ನಾರ್ವೆ ನೋಡಿ, ಬಾಟಲಿ ಮತ್ತೆ ಕ್ಯಾನುಗಳ ಮೇಲೆ ಪರಿಸರ ತೆರಿಗೆ ಇದೆ, ವಾಪಸ್ ಸಂಗ್ರಹ ಎಷ್ಟು ಏರತ್ತೋ ತೆರಿಗೆ ಅಷ್ಟು ಇಳಿಯತ್ತೆ, 95 ಪರ್ಸೆಂಟ್ ಮುಟ್ಟಿದ್ರೆ ಸೊನ್ನೆ. ಹಾಗಾಗಿ ಖಾಲಿ ಬಾಟಲಿ ವಾಪಸ್ ತಗೊಳ್ಳೋ ವ್ಯವಸ್ಥೆನ ಕಂಪನಿಗಳೇ ಮುತುವರ್ಜಿಯಿಂದ ನಡೆಸ್ತವೆ, ಗ್ರಾಹಕರಿಗೆ ಡೆಪಾಸಿಟ್ ವಾಪಸ್ ಸಿಗತ್ತೆ, ಇಬ್ಬರ ಕೈಗೂ ಲೆಕ್ಕ ಮುಟ್ಟಿದೆ. ರಿಪೇರಿ ವಿಷಯದಲ್ಲಿ ಫ್ರಾನ್ಸ್ 2021ರ ಜನವರಿಯಿಂದ ಫೋನು, ಲ್ಯಾಪ್‌ಟಾಪು, ಟಿವಿ, ವಾಷಿಂಗ್ ಮೆಷಿನ್ ಇವಕ್ಕೆಲ್ಲ ಹತ್ತಕ್ಕೆ ಇಷ್ಟು ಅಂತ ರಿಪೇರಿ ಅಂಕ ತೋರಿಸೋದನ್ನ ಕಡ್ಡಾಯ ಮಾಡ್ತು, ಬಿಚ್ಚೋದು ಎಷ್ಟು ಸುಲಭ, ಬಿಡಿಭಾಗ ಸಿಗತ್ತಾ, ಅದರ ಬೆಲೆ ಎಷ್ಟು ಅನ್ನೋದೆಲ್ಲ ಅದರಲ್ಲಿ ಸೇರಿತ್ತು.

ಕಾರ್ಖಾನೆ ಒಳಗಿನ ಉಳಿತಾಯಕ್ಕೆ ತೆರಿಗೆಗಿಂತ ತಿಳುವಳಿಕೆ ಮತ್ತೆ ಬಂಡವಾಳದ ಕೊರತೆನೇ ಅಡ್ಡಿ ಎಷ್ಟೋ ಸಲ. ಒಂದು ಪಂಪ್ ಮುಂದೆ ನಿಂತ್ಕೊಳ್ಳಿ. ನೀರು ಕಡಿಮೆ ಸಾಕು ಅಂತ ಆಪರೇಟರ್ ವಾಲ್ವ್ ಅರ್ಧ ಮುಚ್ಚಿರ್ತಾರೆ, ಮೋಟಾರು ಪೂರ್ತಿ ಸ್ಪೀಡಲ್ಲೇ ತಿರುಗ್ತಾ ಮುಚ್ಚಿದ ವಾಲ್ವ್ ವಿರುದ್ಧ ತಳ್ತಾ ಇರತ್ತೆ, ಬ್ರೇಕ್ ಒತ್ಕೊಂಡೇ ಆಕ್ಸಿಲರೇಟರ್ ಒತ್ತಿದ ಹಾಗೆ. ಅದರ ಬದಲು ಸ್ಪೀಡ್ ಕಂಟ್ರೋಲ್ ಡ್ರೈವ್ ಹಾಕಿ ವೇಗ 20 ಪರ್ಸೆಂಟ್ ಇಳಿಸಿದ್ರೆ ಬೇಕಾಗೋ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯತ್ತೆ, ಯಾಕಂದ್ರೆ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಬದಲಾಗತ್ತೆ, 0.8 ಅನ್ನ ಮೂರು ಸಲ ಗುಣಿಸಿ ನೋಡಿ, 0.512. ತುಂಬಾ ಎತ್ತರಕ್ಕೆ ನೀರು ಎತ್ತೋ ಪಂಪಲ್ಲಿ ಇಷ್ಟು ಲಾಭ ಸಿಗಲ್ಲ, ಒಂದೇ ಲೈನಲ್ಲಿ ಸುತ್ತು ಹೊಡಿಸೋ ಪಂಪು, ಬ್ಲೋವರು, ಫ್ಯಾನುಗಳಲ್ಲಿ ಸಿಗತ್ತೆ. ಇದು ಗೊತ್ತಿರೋ ಎಂಜಿನಿಯರ್ ಬಂದು ಹೇಳಬೇಕು, ಡ್ರೈವಿಗೆ ಸಾಲ ಸಿಗಬೇಕು, ಇಷ್ಟೇ ಬೇಕಾಗಿರೋದು. ಅದಕ್ಕೆ ಒಳ್ಳೆ ಪಾಲಿಸಿಯಲ್ಲಿ ದೊಡ್ಡ ಬಳಕೆದಾರರಿಗೆ ಕಡ್ಡಾಯ ಎನರ್ಜಿ ಆಡಿಟ್ (ಕರೆಂಟು, ಇಂಧನ ಎಲ್ಲಿ ಎಷ್ಟು ಹೋಗ್ತಿದೆ ಅನ್ನೋ ತಪಾಸಣೆ) ಇರತ್ತೆ, ಸಣ್ಣ ಘಟಕಗಳಿಗೆ ಆಡಿಟ್ ಖರ್ಚಲ್ಲಿ ಸಹಾಯ ಇರತ್ತೆ, ಆಡಿಟ್ ವರದಿ ಕಪಾಟಲ್ಲಿ ಕೂರದ ಹಾಗೆ ಅದರ ಜೊತೆಗೇ ಕಡಿಮೆ ಬಡ್ಡಿ ಸಾಲ ಇರತ್ತೆ.

ಒಬ್ಬರ ಕಸ ಇನ್ನೊಬ್ಬರ ಕಚ್ಚಾವಸ್ತು ಆಗೋದಕ್ಕೆ ಡೆನ್ಮಾರ್ಕಿನ ಕಲುಂಡ್‌ಬೋರ್ಗ್ ಅನ್ನೋ ಊರು ಉದಾಹರಣೆ, ವಿದ್ಯುತ್ ಸ್ಥಾವರದ ಹಬೆ ಪಕ್ಕದ ಕಾರ್ಖಾನೆಗಳಿಗೆ ಹೋಗ್ತಿತ್ತು, ಹೊಗೆ ತೊಳೆದಾಗ ಬಂದ ಜಿಪ್ಸಂ ಗೋಡೆ ಹಲಗೆ ಮಾಡೋ ಕಂಪನಿಗೆ. ಕಸ ಅಂತ ಹಣೆಪಟ್ಟಿ ಬಿದ್ದ ವಸ್ತುನ ಸಾಗಿಸೋಕೂ ಬಿಡದ ನಿಯಮ ನಿಮ್ಮ ಡ್ರಾಫ್ಟಲ್ಲಿ ಇದ್ದರೆ ಇದು ಯಾವತ್ತೂ ಆಗಲ್ಲ, ಅದನ್ನ ನೋಡ್ಕೊಳ್ಳಿ.

ಮತ್ತೆ ಕರೆಂಟ್ ಮಾರೋ ಕಂಪನಿ. ಜಾಸ್ತಿ ಯೂನಿಟ್ ಮಾರಿದ್ರೆ ಜಾಸ್ತಿ ಲಾಭ ಅನ್ನೋ ವ್ಯವಸ್ಥೆಯಲ್ಲಿ ಗ್ರಾಹಕರಿಗೆ ಉಳಿಸಿ ಅಂತ ಅವರು ಮನಸಿಟ್ಟು ಹೇಳೋದು ಹೇಗೆ? ಕ್ಯಾಲಿಫೋರ್ನಿಯಾ 1982ರಲ್ಲೇ ಕರೆಂಟ್ ಕಂಪನಿಗಳ ಆದಾಯನ ಮಾರಾಟದಿಂದ ಬೇರೆ ಮಾಡ್ತು, ಒಪ್ಪಿಕೊಂಡ ಆದಾಯಕ್ಕಿಂತ ಜಾಸ್ತಿ ಬಂದ್ರೆ ಗ್ರಾಹಕರಿಗೆ ವಾಪಸ್, ಕಡಿಮೆ ಬಿದ್ರೆ ಮುಂದಿನ ದರದಲ್ಲಿ ಸರಿ ಮಾಡೋದು.

ಹೆಜ್ಜೆ 7: ಒಟ್ಟು ಬಳಕೆಗೆ ಮೇಲ್ಮಿತಿ ಹಾಕಿ

ಇದನ್ನ ಬಿಟ್ಟ ಪಾಲಿಸಿ ಅರ್ಧ ಪಾಲಿಸಿ ಅಂತ ನನ್ನ ಅಭಿಪ್ರಾಯ. 1865ರಲ್ಲಿ ಜೆವನ್ಸ್ ಅನ್ನೋ ಅರ್ಥಶಾಸ್ತ್ರಜ್ಞ ಬ್ರಿಟನ್ನಿನ ಕಲ್ಲಿದ್ದಲಿನ ಬಗ್ಗೆ ಬರೀವಾಗ ಒಂದು ವಿಷಯ ಎತ್ತಿ ತೋರಿಸಿದ: ಉಗಿ ಯಂತ್ರ ಕಡಿಮೆ ಕಲ್ಲಿದ್ದಲಲ್ಲಿ ಜಾಸ್ತಿ ಕೆಲಸ ಮಾಡೋಕೆ ಶುರು ಮಾಡಿದ ಮೇಲೆ ಕಲ್ಲಿದ್ದಲ ಬಳಕೆ ಇಳೀಲಿಲ್ಲ, ಏರ್ತು, ಯಾಕಂದ್ರೆ ಅಗ್ಗ ಆದ ಮೇಲೆ ಎಲ್ಲರೂ ಯಂತ್ರ ಇಟ್ರು. ಹೊಲದಲ್ಲೂ ಇದೇ ಆಗತ್ತೆ. ಹರಿನೀರು ಬಿಡ್ತಿದ್ದ ರೈತರಿಗೆ ಸಬ್ಸಿಡಿಯಲ್ಲಿ ಡ್ರಿಪ್ ಕೊಟ್ರೆ ಒಂದು ಗಿಡಕ್ಕೆ ಬೇಕಾಗೋ ನೀರು ಕಡಿಮೆ ಆಗತ್ತೆ, ನಿಜ. ಆದ್ರೆ ಉಳಿದ ನೀರಲ್ಲಿ ಅವರು ಪಕ್ಕದ ಪಾಳು ಹೊಲಕ್ಕೂ ಪೈಪ್ ಎಳೀತಾರೆ, ಇಲ್ಲಾ ಜಾಸ್ತಿ ನೀರು ಕೇಳೋ ಬೆಳೆಗೆ ಹೋಗ್ತಾರೆ, ಅದೂ ಅಲ್ಲದೆ ಮುಂಚೆ ಬೇರಿನ ಕೆಳಗೆ ಇಂಗಿ ಅಂತರ್ಜಲಕ್ಕೆ ಸೇರ್ತಿದ್ದ ನೀರು ಈಗ ಸೇರಲ್ಲ. ರೈತರದ್ದು ಏನೂ ತಪ್ಪಿಲ್ಲ ಇದರಲ್ಲಿ, ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಅದಕ್ಕೆ ಡ್ರಿಪ್ ಸಬ್ಸಿಡಿ ಕೊಡೋ ದಿನವೇ ಬಾವಿಗೆ ಮೀಟರು, ಜಲಾನಯನಕ್ಕೆ ಒಟ್ಟು ಮಿತಿ ಎರಡೂ ಇರಬೇಕು.

ಮಿತಿ ಹಾಕಿ ಒಳಗೆ ವ್ಯಾಪಾರಕ್ಕೆ ಬಿಡೋ ಪದ್ಧತಿ ನ್ಯೂಜಿಲ್ಯಾಂಡಿನ ಮೀನುಗಾರಿಕೆಯಲ್ಲಿ 1986ರಿಂದ ಇದೆ, ವರ್ಷಕ್ಕೆ ಒಟ್ಟು ಇಷ್ಟೇ ಹಿಡೀಬಹುದು ಅಂತ ಮೊದಲು ತೀರ್ಮಾನ, ಆಮೇಲೆ ಪಾಲು, ಆ ಪಾಲನ್ನ ಮಾರಬಹುದು, ಕೊಳ್ಳಬಹುದು. ಯುರೋಪ್ 2005ರಲ್ಲಿ ಇಂಗಾಲಕ್ಕೆ ಇದನ್ನ ತಂದಾಗ ಮೊದಲ ಹಂತದಲ್ಲಿ ಇಷ್ಟು ಇಂಗಾಲ ಬಿಡಬಹುದು ಅನ್ನೋ ಪರ್ಮಿಟ್ಟುಗಳನ್ನ ಬೇಕಾದ್ದಕ್ಕಿಂತ ಜಾಸ್ತಿ, ಅದೂ ಬಹುಪಾಲು ಪುಕ್ಕಟೆ ಹಂಚಿಬಿಟ್ರು, 2007ರ ಹೊತ್ತಿಗೆ ಅದರ ಬೆಲೆ ಸೊನ್ನೆ ಹತ್ರ ಬಂತು. ಕಾರ್ಖಾನೆಗಳು ಎಷ್ಟು ಇಂಗಾಲ ಬಿಡ್ತಿವೆ ಅಂತ ಮುಂಚೆನೇ ಸರಿಯಾಗಿ ಅಳೆಯದೆ ಮಿತಿ ಹಾಕಿದ್ದಕ್ಕೆ ಹಾಗಾಯ್ತು, ಅಂದ್ರೆ ಮತ್ತೆ ಹೆಜ್ಜೆ 1.

ಹೆಜ್ಜೆ 8: ಅಕ್ಕಪಕ್ಕದವರ ಲೆಕ್ಕ ತೋರಿಸಿ, ಜಾಗ್ರತೆಯಾಗಿ

ಜನ ನೆರೆಯವರನ್ನ ನೋಡಿ ಬದಲಾಗ್ತಾರೆ. ಆದ್ರೆ 2007ರಲ್ಲಿ ಪ್ರಕಟವಾದ, ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಊರಿನ ಮನೆಗಳ ಕರೆಂಟ್ ಬಳಕೆ ಮೇಲಿನ ಅಧ್ಯಯನದಲ್ಲಿ ಒಂದು ವಿಷಯ ಹೊರಬಂತು. ನಿಮ್ಮ ಬೀದಿಯ ಸರಾಸರಿ ಇಷ್ಟು ಅಂತ ತಿಳಿಸಿದಾಗ ಜಾಸ್ತಿ ಬಳಸ್ತಿದ್ದೋರು ಇಳಿಸಿದ್ರು, ಆದ್ರೆ ಕಡಿಮೆ ಬಳಸ್ತಿದ್ದೋರು ಓ ನಾವು ಇನ್ನೂ ಬಳಸಬಹುದು ಅಂತ ಏರಿಸಿದ್ರು. ಅದೇ ಚೀಟಿಯಲ್ಲಿ ಕಡಿಮೆ ಬಳಸಿದೋರಿಗೆ ಒಂದು ನಗುಮುಖ ಬರೆದುಕೊಟ್ರೆ ಅವರು ಕೆಳಗೇ ಉಳಿದ್ರು. ಬಿಲ್ಲಿನ ಮೇಲೆ ಸರಾಸರಿ ಮುದ್ರಿಸೋ ಯೋಜನೆ ಇದ್ದರೆ ಆ ನಗುಮುಖಕ್ಕೂ ಜಾಗ ಬಿಡಿ.

ಬರಗಾಲದಲ್ಲಿ ಇದರ ಶಕ್ತಿ ಕಂಡಿದ್ದು ದಕ್ಷಿಣ ಆಫ್ರಿಕಾದ ಕೇಪ್ ಟೌನಲ್ಲಿ. 2018ರಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದ್ರು, ಮಿತಿಯೊಳಗೆ ಇರೋ ಮನೆಗಳನ್ನ ನಕ್ಷೆಯಲ್ಲಿ ಹಸಿರು ಚುಕ್ಕಿಯಾಗಿ ತೋರಿಸಿದ್ರು, ದರ ಏರಿಸಿದ್ರು, ಪೈಪಿನ ಒತ್ತಡ ಇಳಿಸಿದ್ರು, ಮೂರು ವರ್ಷದ ಹಿಂದಿನ ಬಳಕೆಗೆ ಹೋಲಿಸಿದ್ರೆ ನಗರದ ನೀರಿನ ಬಳಕೆ ಅರ್ಧಕ್ಕಿಂತ ಕೆಳಗೆ ಬಂತು. ಯಾವ ಒಂದರಿಂದ ಎಷ್ಟು ಅಂತ ಬಿಡಿಸೋಕಾಗಲ್ಲ, ಎಲ್ಲ ಒಟ್ಟಿಗೇ ಎಳೆದವು. ಕೆರೆ, ಗೋಮಾಳ, ಕಾಡಿನಂಥ ಹಂಚಿಕೊಂಡ ಸಂಪತ್ತನ್ನ ಬಳಸೋರೇ ನಿಯಮ ಮಾಡ್ಕೊಂಡು ಶತಮಾನಗಳ ಕಾಲ ಕಾಪಾಡಿದ್ದು ಎಷ್ಟೋ ಕಡೆ ಇದೆ, ಎಲಿನಾರ್ ಆಸ್ಟ್ರಮ್ ಅನ್ನೋ ಸಂಶೋಧಕಿ ಅಂಥ ಕಡೆಗಳನ್ನ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ್ರು. ಅಂಥ ಕಡೆ ನಿಯಮ ಮೇಲಿಂದ ಬೀಳೋ ಬದಲು ಬಳಸೋರ ಸಭೆಯಲ್ಲಿ ಹುಟ್ಟಲಿ.

ಹೆಜ್ಜೆ 9: ಅಭಿಪ್ರಾಯ ಬರೆದು ಕಳಿಸೋವಾಗ

ಪಾಲಿಸಿ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಬರೆದ್ರೆ ಯಾರೂ ಏನೂ ಮಾಡೋಕಾಗಲ್ಲ. ಯಾವ ಸೆಕ್ಷನ್, ಅದರಲ್ಲಿ ಯಾವ ಪದ, ಅದರ ಬದಲು ಏನಿರಬೇಕು ಅಂತ ಬರೀರಿ. ಉದಾಹರಣೆಗೆ, ಒಂದು ಕನೆಕ್ಷನ್ನಿಗೆ ಅನ್ನೋ ಕಡೆ ಒಬ್ಬ ವ್ಯಕ್ತಿಗೆ ಅಂತ ಆಗಬೇಕು, ಕಾರಣ ಇದು, ಲೆಕ್ಕ ಇದು, ಮೂರೇ ಸಾಲು. ಗುರಿ ಅಂತ ಇರೋ ಕಡೆ ಎರಡು ಅಂಕಿ ಕೇಳಿ, ಒಂದು ಟನ್ ಉತ್ಪಾದನೆಗೆ ಎಷ್ಟು ನೀರು ಅನ್ನೋದು ಒಂದು, ಒಟ್ಟು ಎಷ್ಟು ನೀರು ಅನ್ನೋದು ಇನ್ನೊಂದು, ಮೊದಲನೇದನ್ನ ಮಾತ್ರ ತೋರಿಸಿದ್ರೆ ಎರಡನೇದು ಏರ್ತಾ ಇದ್ರೂ ಗೊತ್ತಾಗಲ್ಲ. ಪರಿಶೀಲನೆ ಮಾಡಲಾಗುವುದು ಅಂತಷ್ಟೇ ಇದ್ದರೆ ಎಷ್ಟು ವರ್ಷಕ್ಕೊಮ್ಮೆ, ಯಾರು, ವರದಿ ಎಲ್ಲಿ ಸಿಗತ್ತೆ ಅಂತ ಕೇಳಿ, ಅಂಕಿಗಳು ಜನರಿಗೆ ಓದೋಕೆ ಸಿಗೋ ತಾರೀಖು ಆ ಪಾಲಿಸಿಯ ಒಳಗೇ ಇರಬೇಕು ಅಂತ ಬರೀರಿ. ಕಳಿಸಿದ ಪ್ರತಿ ಒಂದನ್ನ ದಿನಾಂಕ ಹಾಕಿ ಇಟ್ಕೊಳ್ಳಿ, ಕೊನೆಯ ಪಾಲಿಸಿ ಬಂದಾಗ ನಿಮ್ಮ ಸೆಕ್ಷನ್ ತೆಗೆದು ಪಕ್ಕಪಕ್ಕ ಇಟ್ಟು ನೋಡೋಕೆ ಬೇಕಾಗತ್ತೆ.